ಮಾವಿನ ಗಿಡದ ನೆರಳಲ್ಲಿ ಹಣ್ಣಿನ ಗಿಡ: ಯಾವುದು ಉಳಿಯಿತು, ಯಾವುದನ್ನು ಬಿಟ್ಟೆವು

ಧಾರವಾಡದ ಹಿತ್ತಲುಗಳಲ್ಲಿ ದೊಡ್ಡ ಗಿಡದ ಬುಡ ಖಾಲಿ ಬಿದ್ದಿದ್ದರೆ ಅಲ್ಲಿ ಪೇರಲ ಹಚ್ಚುತ್ತಾರೆ, ಇಲ್ಲವೇ ಪಪ್ಪಾಯಿ ಹಚ್ಚುತ್ತಾರೆ. ಮೂರು ನಾಲ್ಕು ವರ್ಷ ಕಳೆದ ಮೇಲೆ ಕೇಳಿಬರುವ ಮಾತು ಒಂದೇ: “ಗಿಡಾ ಛಲೋ ಬೆಳದೈತ್ರಿ, ಕಾಯಿ ಮಾತ್ರ ಬಿಡವಲ್ದು.” ಸಸಿ ಕೆಟ್ಟದ್ದಿರುವುದಿಲ್ಲ, ಗೊಬ್ಬರವೂ ಕಡಿಮೆ ಬಿದ್ದಿರುವುದಿಲ್ಲ. ಬಾಯಿಗೆ ರುಚಿಸುವ ಹಣ್ಣು ಯಾವುದು ಎಂದು ನೋಡಿ ಗಿಡ ತಂದಿರುತ್ತಾರೆ. ಮೇಲಿರುವ ದೊಡ್ಡ ಗಿಡ ಎಷ್ಟು ಬಿಸಿಲು ಬಿಟ್ಟುಕೊಡುತ್ತದೆ, ಯಾವ ತಿಂಗಳಲ್ಲಿ ನೀರು ಬೇಡ ಅನ್ನುತ್ತದೆ ಎಂದು ನೋಡಿರುವುದಿಲ್ಲ. ಆಯ್ಕೆ ಶುರುವಾಗಬೇಕಾದದ್ದು ಈ ಎರಡರಿಂದ.

ಇಲ್ಲಿ ಹೇಳುತ್ತಿರುವ ಕೆಲಸ ನಡೆದದ್ದು ಊರಿನ ಪಶ್ಚಿಮ ಬದಿಯ ಮಸಾರಿ, ಅಂದರೆ ಕೆಂಪು ಮಣ್ಣಿನಲ್ಲಿ ಬಲಿತು ನಿಂತ ಆಪೂಸ್ ಮಾವಿನ ಕೆಳಗೆ. ಗಿಡದ ಎತ್ತರ 10 ಮೀಟರ್ ಆಸುಪಾಸು, ಕಾಂಡದಿಂದ ಹರವಿನ ಅಂಚಿಗೆ ಸುಮಾರು 6 ಮೀಟರ್. ಕೆಳಗಿನ ಕೊಂಬೆಗಳು ಎದೆಮಟ್ಟಕ್ಕೆ ಇಳಿದಿದ್ದವು.

ಮೊದಲು ಬಿಸಿಲು ಅಳೆದೆವು. ಇದಕ್ಕೆ ಬೇಕಾದದ್ದು ಒಂದಿಷ್ಟು ಕಲ್ಲು, ಒಂದು ಹಾಳೆ. ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ತಾಸಿಗೊಮ್ಮೆ ನೆಲದ ಮೇಲೆ ನೇರ ಬಿಸಿಲು ಬಿದ್ದ ಜಾಗದ ಅಂಚಿಗೆ ಕಲ್ಲಿಟ್ಟು, ಹಾಳೆಯ ಮೇಲೆ ನಕ್ಷೆ ಬರೆದುಕೊಳ್ಳಬೇಕು. ಡಿಸೆಂಬರ್‌ನಲ್ಲಿ ಒಂದು ದಿನ, ಮಾರ್ಚ್ ಕೊನೆಗೆ ಒಂದು ದಿನ, ಮೇ ತಿಂಗಳಲ್ಲಿ ಒಂದು ದಿನ ಮಾಡಿದರೆ ವರ್ಷದ ಲೆಕ್ಕ ಸಿಗುತ್ತದೆ. ಒಂದೇ ದಿನ ನೋಡಿ ಗಿಡ ಆರಿಸಿದರೆ ತಪ್ಪುವುದು ಖಂಡಿತ, ಯಾಕೆಂದರೆ ನಮ್ಮ ಭಾಗದಲ್ಲಿ ಸೂರ್ಯನ ದಾರಿ ವರ್ಷದುದ್ದಕ್ಕೂ ಬದಲಾಗುತ್ತದೆ. ಧಾರವಾಡ ಇರುವುದು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಗೆ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ 51 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ; 10 ಮೀಟರ್ ಗಿಡದ ನೆರಳು ಆಗ ಉತ್ತರಕ್ಕೆ 8 ಮೀಟರ್ ಚಾಚುತ್ತದೆ. ಮೇ ಮೊದಲ ವಾರಕ್ಕೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ನೆತ್ತಿಯಿಂದ ಕೊಂಚ ಉತ್ತರಕ್ಕೇ ಇರುತ್ತಾನೆ. ಹೀಗಾಗಿ ಗಿಡದ ದಕ್ಷಿಣ ಬದಿಗೆ ಚಳಿಗಾಲದ ಬಿಸಿಲು ಕೊಂಬೆಗಳ ಕೆಳಗೆ ನುಸುಳಿ ಒಳಗೆ ಬರುತ್ತದೆ. ಉತ್ತರ ಬದಿ ಚಳಿಗಾಲ ಪೂರ್ತಿ ಕತ್ತಲೆ.

ನೇರ ಬಿಸಿಲಿನ ತಾಸು ಎಣಿಸಿದ ಮೇಲೆ ಉಳಿಯುವುದು ಎಲೆಗಳ ಸಂದಿಯಿಂದ ಸೋಸಿ ಬರುವ ಬೆಳಕು. ಇದಕ್ಕೆ ಮೊಬೈಲ್‌ನ ಲಕ್ಸ್ ಆ್ಯಪ್ ಸಾಕು. ಮೊಬೈಲ್ ತೋರಿಸುವ ಅಂಕಿ ನಿಖರವಲ್ಲ, ಆದರೆ ನಮಗೆ ಬೇಕಾದದ್ದು ಪ್ರಮಾಣ ಮಾತ್ರ. ಮೋಡವಿಲ್ಲದ ಮಧ್ಯಾಹ್ನ ಬಯಲಲ್ಲಿ ಒಂದು ಲಕ್ಷ ಲಕ್ಸ್ ಹತ್ತಿರ ಇರುತ್ತದೆ. ಬಯಲಲ್ಲಿ ಒಮ್ಮೆ ನೋಡಿ, ಕೂಡಲೇ ನೆರಳಿಗೆ ಬಂದು ಮೊಬೈಲನ್ನು ನೆಲಕ್ಕೆ ಸಮನಾಗಿ, ಪರದೆ ಮೇಲ್ಮುಖವಾಗಿ ಹಿಡಿದು ಹತ್ತು ಕಡೆ ನೋಡಿ ಸರಾಸರಿ ತೆಗೆಯಬೇಕು. ಒಂದೇ ಕಡೆ ನೋಡಿದರೆ ಬಿಸಿಲಿನ ಮಚ್ಚೆ ಮೋಸ ಮಾಡುತ್ತದೆ. ನಮ್ಮ ಮಾವಿನ ಬುಡದಲ್ಲಿ ಸಿಕ್ಕದ್ದು ಬಯಲಿನ ಬೆಳಕಿನ ನೂರಕ್ಕೆ ಐದಾರು ಪಾಲು. ಇಷ್ಟರಲ್ಲಿ ಯಾವ ಹಣ್ಣಿನ ಗಿಡವೂ ಹೂ ಕಟ್ಟುವುದಿಲ್ಲ, ಬದುಕಿರುತ್ತದೆ, ಅಷ್ಟೇ. ನೂರಕ್ಕೆ 25ರಿಂದ 40 ಪಾಲು ಇರುವಲ್ಲಿ ಅನಾನಸ್, ಮುರುಗಲದಂಥವು ನಡೆಯುತ್ತವೆ. ದಿನಕ್ಕೆ ನಾಲ್ಕು ತಾಸು ನೇರ ಬಿಸಿಲು ಸಿಗುವ ಅಂಚಿದ್ದರೆ ಸೀತಾಫಲ, ಕವಳಿ ಹಚ್ಚಬಹುದು. ಆರು ತಾಸು ಬೇಕೆನ್ನುವ ಗಿಡಗಳಿಗೆ ಇಲ್ಲಿ ಜಾಗವೇ ಇಲ್ಲ.

ಅಳತೆ ಕೈಯಲ್ಲಿ ಹಿಡಿದ ಮೇಲೆ ಕೊಂಬೆಗೆ ಕೈ ಹಾಕಿದೆವು. ಕಾಯಿ ಇಳಿಸಿದ ಕೂಡಲೇ, ಜೋರು ಮಳೆ ಹಿಡಿಯುವ ಮೊದಲು ಈ ಕೆಲಸ ಮುಗಿಯಬೇಕು. ತಡವಾದರೆ ಹೊಸ ಚಿಗುರು ಅಕ್ಟೋಬರ್ ಹೊತ್ತಿಗೆ ಬಲಿಯುವುದಿಲ್ಲ, ಬಲಿಯದ ಚಿಗುರಿನಲ್ಲಿ ಹೂ ಬರುವುದಿಲ್ಲ. ಪೂರ್ವ ಮತ್ತು ದಕ್ಷಿಣದ ಕೆಳಕೊಂಬೆಗಳನ್ನು ತೆಗೆದು ಹರವನ್ನು ನೆಲದಿಂದ 3 ಮೀಟರ್ ಎತ್ತರಕ್ಕೆ ಎತ್ತಿದೆವು. ಇಷ್ಟು ಮಾಡಿದರೆ ಡಿಸೆಂಬರ್ ಮಧ್ಯಾಹ್ನದ ಬಿಸಿಲು ದಕ್ಷಿಣದ ಅಂಚಿನಿಂದ ಎರಡೂವರೆ ಮೀಟರ್ ಹತ್ತಿರ ಒಳಗೆ ಬರುತ್ತದೆ, ಬೆಳಗಿನ ಬಿಸಿಲು ಇನ್ನೂ ಒಳಗೆ ಹೋಗುತ್ತದೆ. ಪಶ್ಚಿಮದ ಕೊಂಬೆಗಳನ್ನು ಮುಟ್ಟಲಿಲ್ಲ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಮೂರರ ಬಿಸಿಲು ಎಲೆ ಸುಡುವಂಥದ್ದು, ಅದನ್ನು ತಡೆಯುವುದು ಅವೇ.

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಕತ್ತರಿಸಿದರೆ ಅದು ತನ್ನ ಭಾರಕ್ಕೆ ಸಿಗಿದು ಕಾಂಡದ ತೊಗಟೆಯನ್ನೂ ಎಳೆದುಕೊಂಡು ಬೀಳುತ್ತದೆ. ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಕಾಲುಭಾಗ ಗರಗಸ ಹಾಕಿ, ಅದಕ್ಕಿಂತ ಎರಡು ಇಂಚು ಹೊರಗೆ ಮೇಲಿನಿಂದ ಕತ್ತರಿಸಿ ಕೊಂಬೆ ಉರುಳಿಸಬೇಕು. ಉಳಿದ ಮೋಟನ್ನು ಬುಡದ ಉಬ್ಬಿಗೆ ತಾಗದಂತೆ, ಅದರ ಹೊರಮೈಗೆ ಸರಿಯಾಗಿ ತೆಗೆಯಬೇಕು. ಆ ಉಬ್ಬು ಉಳಿದರೇ ಗಾಯ ಮುಚ್ಚಿಕೊಳ್ಳುವುದು. ಗಾಯಕ್ಕೆ ಅದೇ ದಿನ ಬೋರ್ಡೋ ಮುಲಾಮು ಬಳಿಯಬೇಕು: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಎರಡನ್ನೂ ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ ಕೂಡಿಸಿದ್ದು. ಕಬ್ಬಿಣದ ಡಬ್ಬಿ ಬಳಸಿದರೆ ಮೈಲುತುತ್ತ ಡಬ್ಬಿಯ ಕಬ್ಬಿಣದ ಜೊತೆಗೇ ಸೇರಿ ಕೆಟ್ಟುಹೋಗುತ್ತದೆ. ಹಸಿ ಗಾಯ ಬಿಟ್ಟರೆ ಕಾಂಡ ಕೊರೆಯುವ ಹುಳು ಬಂದು ಮೊಟ್ಟೆ ಇಡುತ್ತದೆ. ಬುಡದಲ್ಲಿ ಹಿಟ್ಟಿನಂತೆ ಪುಡಿ ಉದುರಿರುವುದು ಕಂಡಾಗ ಹುಳು ಒಳಗೆ ಕೂತಾಗಿರುತ್ತದೆ. ಒಂದು ವರ್ಷಕ್ಕೆ ಹರವಿನ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಹೆಚ್ಚು ಕಡಿದರೆ ಮಾವು ಬರೀ ಚಿಗುರುತ್ತದೆ, ಮುಂದಿನ ಹಂಗಾಮಿನ ಹಣ್ಣು ಹೋಗುತ್ತದೆ.

ಮಣ್ಣಿನ ಮಾತಿಗೆ ಬಂದರೆ ನಮ್ಮ ಜಿಲ್ಲೆ ಎರಡು ಹೋಳು. ಕಲಘಟಗಿ, ಅಳ್ನಾವರ ಕಡೆ ಮತ್ತು ಧಾರವಾಡದ ಪಶ್ಚಿಮಕ್ಕೆ ಮಸಾರಿ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆ ಎರೆ. ಗದಗ ಜಿಲ್ಲೆಯ ಬಹುಭಾಗವೂ ಎರೆಯೇ. ಎರೆ ಮಣ್ಣು ಕ್ಷಾರದ್ದು, ಒಳಗೆ ಸುಣ್ಣದ ಹರಳು ಇರುತ್ತದೆ. ಅನಾನಸ್ ಹುಳಿ ಮಣ್ಣಿನ ಗಿಡ, ರಸಸಾರ (pH) 5.5ರಿಂದ 6 ಇದ್ದರೆ ಖುಷಿಯಾಗಿರುತ್ತದೆ. ಮುರುಗಲವೂ ಜಂಬಿಟ್ಟಿಗೆ ಮಣ್ಣಿನಿಂದ ಬಂದದ್ದು. ಇವನ್ನು ಎರೆಯಲ್ಲಿ ಹಚ್ಚಿದರೆ ಸುಳಿಯ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕದೇ ಹೀಗಾಗುವುದು. ಮನೆಯಲ್ಲೇ ನೋಡಬೇಕೆಂದರೆ ಒಂದು ಚಮಚ ಒಣ ಮಣ್ಣಿನ ಮೇಲೆ ನಿಂಬೆರಸ ಹಿಂಡಿ. ನೊರೆ ಎದ್ದರೆ ಸುಣ್ಣ ಇದೆ ಎಂದರ್ಥ. ಅಲ್ಲಿ ಕವಳಿ, ಸೀತಾಫಲಕ್ಕೆ ತೃಪ್ತಿಪಟ್ಟುಕೊಳ್ಳುವುದು ಒಳ್ಳೆಯದು. ಅನಾನಸ್ ಬೇಕೇ ಬೇಕು ಅನ್ನುವವರು ಮಸಾರಿ ಮಣ್ಣು ತರಿಸಿ ದೊಡ್ಡ ಕುಂಡದಲ್ಲಿ ಬೆಳೆಸಲಿ.

ಬೇರು ಎಲ್ಲೆಲ್ಲಿದೆ ಎಂದು ನೋಡದೆ ಗುಂಡಿಯ ಜಾಗ ಗುರುತು ಹಾಕಬಾರದು. ಮಾವಿನ ಉಣ್ಣುವ ಬೇರು ಹೆಚ್ಚಿನವು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತವೆ. ಹಾರೆ ಬಿಟ್ಟು ಕುರಪಿಯಿಂದ ಒಂದಡಿ ಆಳ ಕೆದರಿ ನೋಡಿ, ಹೆಬ್ಬೆರಳಿಗಿಂತ ದಪ್ಪದ ಬೇರು ಸಿಕ್ಕಲ್ಲಿ ಗುಂಡಿಯನ್ನು ಪಕ್ಕಕ್ಕೆ ಸರಿಸಿದೆವು. ಕಾಂಡದಿಂದ 2 ಮೀಟರ್ ಒಳಗೆ ಏನೂ ಹಚ್ಚಲಿಲ್ಲ. ಅಲ್ಲಿ ಬೆಳಕೂ ಇಲ್ಲ, ಕಾಯಿ ಕೀಳಲು ಏಣಿ ಇಡುವ ಜಾಗವೂ ಅದೇ. ಬೇರಿನ ಮೇಲೆ ಹೊಸ ಮಣ್ಣು ಏರಿಸಿ ಮಡಿ ಕಟ್ಟುವ ಆಸೆ ಹಲವರಿಗಿರುತ್ತದೆ. ಎರಡು ಮೂರು ಇಂಚಿಗಿಂತ ಹೆಚ್ಚು ಏರಿಸಿದರೆ ಕೆಳಗಿನ ಬೇರಿಗೆ ಗಾಳಿ ಸಿಗದೆ ದೊಡ್ಡ ಗಿಡವೇ ಸೊರಗುತ್ತದೆ, ಕಾಂಡಕ್ಕೆ ಮಣ್ಣು ಒತ್ತಿದರೆ ತೊಗಟೆ ಕೊಳೆಯುತ್ತದೆ.

ಇನ್ನು ನೀರು. ಈ ಕೆಲಸದಲ್ಲಿ ಅತಿ ಮುಖ್ಯವಾದದ್ದು, ಯಾರೂ ಹೇಳದೇ ಬಿಡುವುದು ಇದನ್ನೇ. ಮಾವಿಗೆ ಹೂ ಬರಬೇಕಾದರೆ ಅದಕ್ಕೂ ಮೊದಲು ಎರಡು ಮೂರು ತಿಂಗಳು ಬೇರು ಒಣಗಿರಬೇಕು. ಹಿಂಗಾರಿ ಮಳೆ ನಿಂತ ಮೇಲೆ ಚಳಿ ಮತ್ತು ಒಣಹವೆ ಸೇರಿ ಚಿಗುರನ್ನು ತಡೆದು ಹೂವಿನ ಕಡೆ ತಿರುಗಿಸುತ್ತವೆ. ಅದೇ ಹೊತ್ತಿಗೆ ಕೆಳಗಿನ ಪುಟ್ಟ ಗಿಡಗಳಿಗೆ ಎಂದು ವಾರಕ್ಕೊಮ್ಮೆ ನೀರು ಬಿಟ್ಟರೆ ಮಾವು ಅದನ್ನೇ ಕುಡಿದು ಡಿಸೆಂಬರ್‌ನಲ್ಲಿ ತಾಮ್ರಬಣ್ಣದ ಚಿಗುರು ತೋರಿಸುತ್ತದೆ, ಹೂ ತೋರಿಸುವುದಿಲ್ಲ. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಮಾತ್ರ ಮಾವಿಗೆ ನೀರು ಒಳ್ಳೆಯದು. ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಕಾಯಿ ಉದುರುವುದು ಕಡಿಮೆ, ಗಾತ್ರವೂ ಹೆಚ್ಚು. ಅಂದರೆ ಕೆಳಗೆ ಹಚ್ಚುವ ಗಿಡ ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ ನೀರಿಲ್ಲದೆ ಇರಬಲ್ಲದ್ದಾಗಿರಬೇಕು, ಬೇಸಿಗೆಯಲ್ಲಿ ಮಾವಿನ ಜೊತೆಗೇ ನೀರು ಕುಡಿಯುವಂಥದ್ದಾಗಿರಬೇಕು.

ಈ ಜರಡಿಯಲ್ಲಿ ಹಾಕಿದರೆ ಬಾಳೆ ಮೊದಲೇ ಬಿದ್ದುಹೋಗುತ್ತದೆ. ಅದು ಅರ್ಧ ನೆರಳು ತಾಳುತ್ತದೆ ನಿಜ, ಆದರೆ ವರ್ಷವಿಡೀ ನೀರು ಕೇಳುತ್ತದೆ. ಚಿಕ್ಕು ತಾನೇ ದೊಡ್ಡ ಗಿಡವಾಗುತ್ತದೆ. ಪಪ್ಪಾಯಿ ಬಿಸಿಲು ಹುಡುಕುತ್ತ ಬಾಗಿ, ತೆಳ್ಳಗೆ ಉದ್ದಕ್ಕೆ ಹೋಗಿ ಗಾಳಿಗೆ ಮುರಿಯುತ್ತದೆ. ದಾಳಿಂಬೆಗೂ ನಿಂಬೆಗೂ ತೆರೆದ ಬಿಸಿಲೇ ಬೇಕು. ಪೇರಲದ ವಿಷಯದಲ್ಲಿ ಧಾರವಾಡದವರಿಗೆ ಬೇಸರವಾಗಬಹುದು, ನಮ್ಮ ಊರಿನ ಹೆಸರಿನ ಜೊತೆ ಅಂಟಿಕೊಂಡ ಹಣ್ಣದು. ಆದರೆ ಪೇರಲ ಹೂ ಬಿಡುವುದು ಹೊಸ ಚಿಗುರಿನ ಎಲೆಯ ಕಂಕುಳಲ್ಲಿ, ಆ ಚಿಗುರಿಗೆ ತುಂಬು ಬಿಸಿಲು ಬೇಕು. ಇನ್ನೊಂದು ತೊಡಕೂ ಇದೆ. ಮಾವಿಗೂ ಪೇರಲಕ್ಕೂ ಹಣ್ಣಿನ ನೊಣ ಒಂದೇ. ಮೇ ಕೊನೆಗೆ ಮಾವಿನ ಉದುರುಹಣ್ಣಿನಲ್ಲಿ ಹುಟ್ಟಿದ ನೊಣ ಮಳೆಗಾಲದ ಪೇರಲಕ್ಕೆ ನೇರ ಹಾರುತ್ತದೆ. ಎರಡನ್ನೂ ಅಕ್ಕಪಕ್ಕ ಇಡುವುದು ನೊಣಕ್ಕೆ ವರ್ಷದ ಊಟ ಹಾಕಿದಂತೆ. ಪೇರಲಕ್ಕೆ ಬಯಲಲ್ಲಿ, ದೂರದಲ್ಲಿ ಜಾಗ ಕೊಡಿ.

ಕಾಳುಮೆಣಸಿನ ಬಳ್ಳಿಯನ್ನು ಮಾವಿನ ಕಾಂಡಕ್ಕೇ ಹಬ್ಬಿಸುವ ಸಲಹೆ ಶಿರಸಿ ಕಡೆಯಿಂದ ಬರುತ್ತದೆ. ಮಾವಿನ ಒರಟು ತೊಗಟೆಗೆ ಅದು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಏಪ್ರಿಲ್‌ನ ಒಣಗಾಳಿಗೆ ಎಲೆ ಸುಡುತ್ತದೆ, ಕಾಯಿ ಕೀಳಲು ಹತ್ತುವವರಿಗೆ ತೊಡಕು, ಎಲ್ಲಕ್ಕಿಂತ ಹೆಚ್ಚಾಗಿ ಕಾಂಡ ಕೊರಕದ ಪುಡಿ ಬಳ್ಳಿಯ ಹಿಂದೆ ಮುಚ್ಚಿಹೋಗುತ್ತದೆ. ಹಣ್ಣಿಗಾಗಿಯೇ ಇಟ್ಟುಕೊಂಡ ಆಪೂಸ್ ಗಿಡಕ್ಕೆ ಇದು ಬೇಡ ಎಂಬುದು ನಮ್ಮ ತೀರ್ಮಾನ.

ಕವಳಿಯನ್ನು ಆರಿಸಲು ಹೆಚ್ಚು ಯೋಚಿಸಬೇಕಾಗಲಿಲ್ಲ. ಕಲಘಟಗಿ, ಹಳಿಯಾಳದ ಕಾಡಂಚಿನಲ್ಲಿ ದೊಡ್ಡ ಮರಗಳ ಸೆರಗಿನಲ್ಲೇ ಬೆಳೆಯುವ ಪೊದೆ ಅದು. ಮಣ್ಣಿನ ಬಗ್ಗೆ ತಕರಾರಿಲ್ಲ, ಬೇರೂರಿದ ಮೇಲೆ ನೀರು ಕೇಳುವುದಿಲ್ಲ, ದನ ಆಡು ಒಳಗೆ ಬರುವುದಿಲ್ಲ. ಏಪ್ರಿಲ್‌ನಲ್ಲಿ ಹಸಿಕಾಯಿ ಉಪ್ಪಿನಕಾಯಿಗೆ, ಮೇ ಜೂನ್‌ನಲ್ಲಿ ಕಪ್ಪಾದ ಹಣ್ಣು ಬಾಯಿಗೆ. ಆದರೆ ನೆರಳಿನ ಒಳಗೆ ಹಚ್ಚಿದರೆ ಬಳ್ಳಿಯಂತೆ ಚಾಚಿ ಮಾವಿನ ಕೊಂಬೆ ಏರುತ್ತದೆ, ಕಾಯಿ ಬಿಡುವುದಿಲ್ಲ. ಪಶ್ಚಿಮದ ಅಂಚಿನಲ್ಲಿ, ಹರವಿನ ಗೆರೆಗೆ ಸರಿಯಾಗಿ, ಒಂದೂಮುಕ್ಕಾಲು ಮೀಟರ್ ಅಂತರದಲ್ಲಿ ಸಾಲು ಹಚ್ಚಿದೆವು. ಸಂಜೆಯ ಬಿಸಿಲನ್ನೂ ಒಣಗಾಳಿಯನ್ನೂ ಅದೇ ತಡೆದು ಒಳಗಿನ ಅನಾನಸ್‌ಗೆ ತಂಪು ಕೊಡುತ್ತದೆ. ಬೀಜದಿಂದ ಬೆಳೆಸುವವರು ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ಒಣಗಿಸಿ ಇಟ್ಟ ಬೀಜ ಬೇಗ ಸತ್ತುಹೋಗುತ್ತದೆ, ಮುಂದಿನ ವರ್ಷಕ್ಕೆಂದು ಕಾಗದದಲ್ಲಿ ಕಟ್ಟಿಟ್ಟರೆ ಒಂದೂ ಹುಟ್ಟುವುದಿಲ್ಲ. ಬೀಜದ ಗಿಡ ಕಾಯಿ ಕಟ್ಟಲು ಮೂರು ನಾಲ್ಕು ವರ್ಷ ಬೇಕು.

ಸೀತಾಫಲದ ಪಂಚಾಂಗ ಮಾವಿನ ಪಂಚಾಂಗಕ್ಕೆ ಹೊಂದುತ್ತದೆ. ಚಳಿಗಾಲದಲ್ಲಿ ಅದು ಎಲೆ ಉದುರಿಸಿ ಮಲಗುತ್ತದೆ, ಆಗ ನೀರು ಬೇಕಿಲ್ಲ. ಬೇಸಿಗೆಯಲ್ಲಿ ಮಾವಿಗೆ ನೀರು ಬಿಡುವ ಹೊತ್ತಿಗೆ ಚಿಗುರಿ ಹೂ ತೆಗೆಯುತ್ತದೆ, ಮಳೆಗಾಲ ಕಳೆಯುತ್ತಲೇ ಹಣ್ಣು. ದಕ್ಷಿಣ ಮತ್ತು ಆಗ್ನೇಯದ ಅಂಚಿನಲ್ಲಿ 3 ಮೀಟರ್ ಅಂತರ ಬಿಟ್ಟು ಎರಡು ಗಿಡ ಸಾಕು. ಬಾಲಾನಗರ ತಳಿ ಗಟ್ಟಿ; ಬೀಜ ಕಡಿಮೆ ಬೇಕೆನ್ನುವವರಿಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸಹನ್ ಇದೆ. ಹೂ ಬಂದು ಕಾಯಿ ಕಟ್ಟದಿದ್ದರೆ ಅದು ನೆರಳಿನ ತಪ್ಪಲ್ಲ. ಸೀತಾಫಲದ ಹೂ ಮೊದಲು ಹೆಣ್ಣಾಗಿ, ಆಮೇಲೆ ಗಂಡಾಗಿ ತೆರೆಯುತ್ತದೆ. ಪರಾಗ ಸಾಗಿಸುವ ಪುಟ್ಟ ಜೀರುಂಡೆಗಳು ಒಣಹವೆಯಲ್ಲಿ ಕಡಿಮೆ. ಬೆಳಿಗ್ಗೆ ಬೇಗ ಪೂರ್ತಿ ತೆರೆದ ಹೂವಿನ ಪರಾಗವನ್ನು ಬಣ್ಣದ ಕುಂಚದಿಂದ ತೆಗೆದು, ಅರೆ ತೆರೆದ ಹೂವಿನ ನಡುವೆ ಸವರಿದರೆ ಕಾಯಿ ನಿಲ್ಲುತ್ತದೆ.

ಅನಾನಸ್ ಈ ನೆರಳಿನ ನಿಜವಾದ ಬೆಳೆ. ಕೇರಳದಲ್ಲಿ ರಬ್ಬರ್ ಗಿಡಗಳ ನಡುವೆ, ತೆಂಗಿನ ಕೆಳಗೆ ಮಾರಿಷಸ್ ತಳಿ ಬೆಳೆಯುತ್ತಾರೆ. ನಮಗೆ ಹತ್ತಿರದ ಬನವಾಸಿ ಭಾಗದಿಂದ ಕಂದು, ಅಂದರೆ ಬುಡದಲ್ಲಿ ಒಡೆಯುವ ಮರಿಗಳು ಸಿಗುತ್ತವೆ. ಅನಾನಸ್ ಎಲೆಯ ರಂಧ್ರ ರಾತ್ರಿ ತೆರೆದು ಹಗಲು ಮುಚ್ಚಿರುತ್ತವೆ, ಹೀಗಾಗಿ ನಾಲ್ಕು ತಿಂಗಳ ಒಣಹವೆಗೆ ಎಲೆ ಕೊಂಚ ಕೆಂಪಾದೀತೇ ಹೊರತು ಗಿಡ ಸಾಯುವುದಿಲ್ಲ. ಹಣ್ಣಿನ ತಲೆಯ ಜುಟ್ಟು ನೆಟ್ಟರೂ ಬರುತ್ತದೆ, ಆದರೆ ಬುಡದ ಕಂದಿಗಿಂತ ಆರು ತಿಂಗಳು ತಡ. 400ರಿಂದ 500 ಗ್ರಾಂ ತೂಗುವ ಒಂದೇ ಗಾತ್ರದ ಕಂದು ಆರಿಸಿ, ಬುಡದ ಮೂರು ನಾಲ್ಕು ಒಣ ಎಲೆ ಸುಲಿದು, ನೆರಳಿನಲ್ಲಿ ಒಂದು ವಾರ ಬಾಡಿಸಬೇಕು. ಹಸಿ ಕಂದನ್ನು ನೇರ ನೆಟ್ಟರೆ ಬುಡ ಕೊಳೆಯುತ್ತದೆ. ಪೂರ್ವ ದಿಕ್ಕಿನಲ್ಲಿ ಕಾಂಡದಿಂದ ಮೂರೂವರೆ ಮೀಟರ್ ಆಚೆ, ಬೆಳಗಿನ ಬಿಸಿಲು ಬರುವಲ್ಲಿ, 75 ಸೆಂಟಿಮೀಟರ್ ಅಂತರದ ಎರಡು ಸಾಲು ಮಾಡಿ, ಸಾಲಿನಲ್ಲಿ 45 ಸೆಂಟಿಮೀಟರಿಗೊಂದು ನೆಟ್ಟೆವು. ಬಯಲಲ್ಲಿ ಇದಕ್ಕಿಂತ ಒತ್ತಾಗಿ ಹಚ್ಚುತ್ತಾರೆ. ನೆರಳಲ್ಲಿ ಎಲೆ ಉದ್ದ ಬೆಳೆಯುವುದರಿಂದ ಜಾಗ ಹೆಚ್ಚು ಬೇಕು. ಆಳ ಒಂದು ಗೇಣಿನ ಅರ್ಧ, ಅಂದರೆ 10 ಸೆಂಟಿಮೀಟರ್. ಸುಳಿಯೊಳಗೆ ಮಣ್ಣು ಬೀಳಬಾರದು. ಬಿದ್ದ ಮಣ್ಣು ಮಳೆಯಲ್ಲಿ ನೆನೆದು ಸುಳಿಕೊಳೆ ತರುತ್ತದೆ; ನಡುವಿನ ಎಲೆ ಹಿಡಿದೆಳೆದರೆ ಬುಡ ಸಮೇತ ಕೈಗೆ ಬರುತ್ತದೆ, ಕೆಟ್ಟ ವಾಸನೆ ಬರುತ್ತದೆ. ಮಾವಿನ ಕೆಳಗೆ ಇನ್ನೊಂದು ಕೆಲಸ ಇದ್ದೇ ಇರುತ್ತದೆ: ಮೇಲಿನಿಂದ ಉದುರಿ ಸುಳಿಯಲ್ಲಿ ಸಿಕ್ಕ ಎಲೆಗಳನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆಯುವುದು.

ಗೊಬ್ಬರ ಗಿಡವೊಂದಕ್ಕೆ ವರ್ಷಕ್ಕೆ 8 ಗ್ರಾಂ ಸಾರಜನಕ, 4 ಗ್ರಾಂ ರಂಜಕ, 8 ಗ್ರಾಂ ಪೊಟ್ಯಾಷ್. ಅಂಗಡಿ ಲೆಕ್ಕದಲ್ಲಿ 17 ಗ್ರಾಂ ಯೂರಿಯಾ, 25 ಗ್ರಾಂ ಸೂಪರ್ ಫಾಸ್ಫೇಟ್, 13 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಸೂಪರ್ ಫಾಸ್ಫೇಟನ್ನು ಒಂದೇ ಸಲ, ಉಳಿದವನ್ನು ಜೂನ್, ಆಗಸ್ಟ್, ಸೆಪ್ಟೆಂಬರ್ ಎಂದು ಮೂರು ಪಾಲು ಮಾಡಿ ಹಾಕಿ ಮುಗಿಸಬೇಕು. ಅಕ್ಟೋಬರ್‌ಗೆ ಹಾಕಿದ ಯೂರಿಯಾ ಮಾವಿಗೂ ಹೋಗಿ ಚಿಗುರು ಎಬ್ಬಿಸುತ್ತದೆ.

ನೆರಳಲ್ಲಿ ಅನಾನಸ್ ತಾನಾಗಿ ಹೂ ಹಾಕಲು ಎರಡೂವರೆ ಮೂರು ವರ್ಷವೂ ಆಗಬಹುದು, ಅದೂ ಒಂದೊಂದು ಒಂದೊಂದು ಹೊತ್ತಿಗೆ. ಗಿಡ 40 ಎಲೆ ತುಂಬಿದ ಮೇಲೆ ಹೂ ಬರಿಸಬಹುದು. 10 ಲೀಟರ್ ನೀರಿಗೆ 200 ಗ್ರಾಂ ಯೂರಿಯಾ, 4 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್, 39 ಶೇಕಡಾದ ಎಥೆಫಾನ್ 0.64 ಮಿಲಿ, ಇದರಲ್ಲಿ 50 ಮಿಲಿ ಸುಳಿಗೆ ಸುರಿಯಬೇಕು. ಇಷ್ಟು ಸಣ್ಣ ಅಳತೆಗೆ ಸೂಜಿ ತೆಗೆದ 1 ಮಿಲಿ ಸಿರಿಂಜ್ ಬೇಕೇ ಬೇಕು, ಮುಚ್ಚಳದ ಅಳತೆ ನಡೆಯುವುದಿಲ್ಲ. ಕೈಗವಸು ಹಾಕಿಕೊಂಡು, ಬಿಸಿಲು ಇಳಿದ ಮೇಲೆ, ಎರಡು ದಿನ ಮಳೆ ಬಾರದ ಹೊತ್ತು ನೋಡಿ ಮಾಡಬೇಕು. 40ರಿಂದ 50 ದಿನಕ್ಕೆ ಸುಳಿಯಲ್ಲಿ ಕೆಂಪು ಕಾಣುತ್ತದೆ, ಅಲ್ಲಿಂದ ನಾಲ್ಕೂವರೆ ತಿಂಗಳ ಮೇಲೆ ಹಣ್ಣು. ನೆರಳಿನ ಹಣ್ಣು ಬಯಲಿನದಕ್ಕಿಂತ ಚಿಕ್ಕದು, ಹುಳಿ ಒಂದು ಮಟ್ಟ ಹೆಚ್ಚು. ಬುಡದ ಎರಡು ಸುತ್ತು ಕಣ್ಣು ಹಳದಿಯಾಗುವವರೆಗೆ ಬಿಟ್ಟರೆ ಸಿಹಿ ಸರಿಹೋಗುತ್ತದೆ.

ಈಶಾನ್ಯದ ಅಂಚಿಗೆ ಒಂದು ಮುರುಗಲ. ಎಳೆಯದಿದ್ದಾಗ ಅದು ನೆರಳು ಬಯಸುವ ಗಿಡ. ಗಂಡು ಹೆಣ್ಣು ಬೇರೆ ಬೇರೆ ಇರುವುದರಿಂದ ಬೀಜದ ಸಸಿ ತಂದರೆ ಏಳೆಂಟು ವರ್ಷ ಕಾದ ಮೇಲೆ ಗಂಡು ಎಂದು ಗೊತ್ತಾಗುವ ಸಾಧ್ಯತೆ ಅರ್ಧಕ್ಕರ್ಧ. ಹೆಣ್ಣು ಗಿಡದಿಂದ ಕಸಿ ಮಾಡಿದ್ದನ್ನೇ ಕೇಳಿ ತರಬೇಕು. ಕೊಂಕಣ ಅಮೃತಾ ಹೆಸರಿನ ತಳಿ ನರ್ಸರಿಗಳಲ್ಲಿ ಸಿಗುತ್ತದೆ. ಕಸಿಯ ಕಡ್ಡಿ ಪಕ್ಕದ ಕೊಂಬೆಯದ್ದಾಗಿದ್ದರೆ ಗಿಡ ಎತ್ತರ ಹೋಗದೆ ನೆಲಕ್ಕೆ ಹರಡುತ್ತದೆ, ನೇರ ಚಿಗುರಿನದ್ದಾದರೆ ಗೋಪುರದಂತೆ ಏಳುತ್ತದೆ. ತರುವಾಗಲೇ ಕೇಳಿಕೊಳ್ಳಿ. ಇದೊಂದೇ ಗಿಡಕ್ಕೆ ಚಳಿಗಾಲದಲ್ಲೂ ತೇವ ಬೇಕು. ಅದಕ್ಕೆ ಬುಡದ ಪಕ್ಕ, ಮಾವಿನ ಹರವಿನ ಹೊರಗಿನ ಬದಿಗೆ, ಸುಟ್ಟ ಮಣ್ಣಿನ ಗಡಿಗೆಯನ್ನು ಕುತ್ತಿಗೆವರೆಗೆ ಹೂತು ವಾರಕ್ಕೆರಡು ಸಲ ತುಂಬಿಸುವುದು. ಜಿನುಗುವ ನೀರು ಸುತ್ತ ಒಂದಡಿ ದಾಟಿ ಹೋಗುವುದಿಲ್ಲ. ಹುಬ್ಬಳ್ಳಿಯಿಂದ ಪೂರ್ವಕ್ಕೆ ಇರುವವರು ಮುರುಗಲದ ಆಸೆ ಬಿಡುವುದೇ ಲೇಸು. ಉತ್ತರ ಬದಿಯಲ್ಲಿ ಹಣ್ಣಿನ ಗಿಡ ಹಚ್ಚಲೇ ಇಲ್ಲ, ಅಲ್ಲಿ ಅರಿಶಿನ ಮತ್ತು ಸುವರ್ಣಗಡ್ಡೆ.

ನೆಡುವ ಹೊತ್ತು ಬಯಲಿಗೂ ನೆರಳಿಗೂ ಒಂದಲ್ಲ. ಮೃಗಶಿರಾ ಮಳೆ ಬಯಲನ್ನು ಹದ ಮಾಡಿದರೂ ಮಾವಿನ ಎಲೆಗಳು ತುಂತುರನ್ನೆಲ್ಲ ಮೇಲೆಯೇ ಹಿಡಿದಿಟ್ಟುಕೊಳ್ಳುತ್ತವೆ, ಬುಡ ಧೂಳೇ ಇರುತ್ತದೆ. ಆರಿದ್ರಾ ಅರ್ಧ ಕಳೆದ ಮೇಲೆ ಒಂದು ಗೇಣು ಆಳ ಬೆರಳಿಗೆ ತೇವ ಹತ್ತಿದರೆ ಆಗ ನೆಡಬೇಕು. ಸಸಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಚಿಕ್ಕ ಚೀಲದ ಸಸಿಗೆ ಒಂದಡಿ ಗುಂಡಿ ಸಾಕು, ಕಡಿಯಬೇಕಾದ ಬೇರೂ ಕಡಿಮೆ. ಗುಂಡಿಗೆ ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, 200 ಗ್ರಾಂ ಬೇವಿನ ಹಿಂಡಿ, ಉಳಿದದ್ದು ಅದೇ ಮಣ್ಣು. ಗೊಬ್ಬರ ಹೆಚ್ಚು ಹಾಕಿದರೆ ಸಸಿಗಿಂತ ಮೊದಲು ಮಾವಿನ ಬೇರು ಬಂದು ತುಂಬಿಕೊಳ್ಳುತ್ತವೆ. ಸೀತಾಫಲ ಮತ್ತು ಮುರುಗಲದ ಗುಂಡಿಯ ನಾಲ್ಕೂ ಬದಿಗೆ ಹಳೆಯ ಸಿಮೆಂಟ್ ಚೀಲ ಹೊಚ್ಚಿ ತಳವನ್ನು ತೆರೆದು ಬಿಟ್ಟಿದ್ದೆವು. ಸಸಿ ಕೆಳಗೆ ಬೇರಿಳಿಸುವವರೆಗೆ ಅದು ಮಾವಿನ ಬೇರನ್ನು ಪಕ್ಕದಿಂದ ತಡೆಯುತ್ತದೆ. ಉದುರಿದ ಮಾವಿನ ಎಲೆ ಗಟ್ಟಿ, ಹಾಗೇ ಹರಡಿದರೆ ಹಾಸಾಗಿ ಕೂತು ಮಳೆಯನ್ನೂ ಕೆಳಗೆ ಬಿಡುವುದಿಲ್ಲ. ಕೊಚ್ಚಿ ಎರಡು ಮೂರು ಇಂಚು ಹರಡಿ, ಸಸಿಯ ಕಾಂಡದಿಂದ ನಾಲ್ಕು ಬೆರಳು ದೂರ ಇಡಬೇಕು. ಮಳೆಗಾಲದಲ್ಲಿ ದೊಡ್ಡ ಬಸವನಹುಳು ಈ ಹಾಸಿನ ಕೆಳಗೇ ಅಡಗುತ್ತವೆ. ರಾತ್ರಿ ಒದ್ದೆ ಗೋಣಿಚೀಲ ಹರಡಿಟ್ಟು ಬೆಳಿಗ್ಗೆ ಅದರಡಿ ಸೇರಿದವನ್ನು ಆರಿಸಿ ಉಪ್ಪುನೀರಿಗೆ ಹಾಕಿದರೆ ಹತೋಟಿಗೆ ಬರುತ್ತವೆ.

ಮುಂದಿನ ತೊಂದರೆಗಳೆಲ್ಲ ಮೇಲಿನಿಂದ ಬೀಳುವಂಥವು. ಜನವರಿಯಿಂದ ಮಾರ್ಚ್‌ವರೆಗೆ ಮಾವಿನ ಹೂವಿಗೆ ಜಿಗಿಹುಳು ಬಂದರೆ ಅದರ ಅಂಟು ಕೆಳಗಿನ ಎಲೆಗಳ ಮೇಲೆ ಸುರಿದು ಕಪ್ಪು ಮಸಿ ಕಟ್ಟುತ್ತದೆ. ಅದು ಕೆಳಗಿನ ಗಿಡದ ರೋಗವಲ್ಲ, ಅದಕ್ಕೆ ಔಷಧ ಹೊಡೆದು ಉಪಯೋಗವಿಲ್ಲ. ಮೇಲೆ ಹುಳು ನಿಲ್ಲಬೇಕು, ಕೆಳಗೆ ಎಲೆಯನ್ನು ಬಟ್ಟೆಯಿಂದ ಒರೆಸಬೇಕು. ಮಾವಿಗೆ ಕೀಟನಾಶಕ ಹೊಡೆಯುವುದಿದ್ದರೆ ಕೆಳಗೆ ಬಲಿಯುತ್ತಿರುವ ಅನಾನಸ್ ಮೇಲೂ ಬೀಳುತ್ತದೆ. ಆ ದಿನ ಪ್ಲಾಸ್ಟಿಕ್ ಹಾಳೆ ಹೊದಿಸಿ ಸಂಜೆಗೆ ತೆಗೆಯಬೇಕು. ಫಸಲನ್ನು ಗುತ್ತಿಗೆಗೆ ಕೊಡುವವರು ಒಂದು ಮಾತು ಮೊದಲೇ ಕೇಳಿಕೊಳ್ಳಬೇಕು: ಬುಡಕ್ಕೆ ಕಲ್ಟಾರ್ ಹಾಕುತ್ತೀರೋ ಇಲ್ಲವೋ. ಹೂ ಬರಿಸಲು ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಬೇರಿಗೆ ಸುರಿಯುವ ಈ ಪ್ಯಾಕ್ಲೊಬ್ಯುಟ್ರಜೋಲ್ ಮಣ್ಣಿನಲ್ಲಿ ಬಹುಕಾಲ ಉಳಿದು ಕೆಳಗಿನ ಎಳೆಗಿಡಗಳನ್ನು ಕುಳ್ಳಾಗಿಸುತ್ತದೆ. ಗೆಣ್ಣು ಗೆಣ್ಣಿಗೆ ಒತ್ತಿ ಎಲೆ ಗುಂಪಾಗಿ ನಿಂತುಬಿಡುತ್ತವೆ. ಮೇ ಜೂನ್‌ನಲ್ಲಿ ಉದುರಿದ ಹಣ್ಣನ್ನು ಹಾಸಿನ ಮೇಲೆ ಕೊಳೆಯಲು ಬಿಡದೆ ದಿನವೂ ಎತ್ತಿ ಎರಡಡಿ ಆಳಕ್ಕೆ ಹೂಳಬೇಕು, ಇಲ್ಲದಿದ್ದರೆ ನೊಣದ ಮರಿಗಳು ಅಲ್ಲೇ ಮಣ್ಣಿಗಿಳಿದು ಕೋಶ ಕಟ್ಟುತ್ತವೆ. ಅನಾನಸ್ ಬುಡದಲ್ಲಿ ಇರುವೆ ಸಾಲುಗಟ್ಟಿದರೆ ಎಲೆ ಸಂದಿಯಲ್ಲಿ ಹಿಟ್ಟುತಿಗಣೆ ಇದೆ ಎಂದು ತಿಳಿಯಬೇಕು. ಎಲೆಯ ತುದಿ ಕೆಂಪಾಗಿ ಹಿಂದಕ್ಕೆ ಸುರುಳಿಯಾಗುವ ಬಾಡುರೋಗ ಅದರಿಂದಲೇ ಬರುತ್ತದೆ. ಅಂಥ ಗಿಡದ ಕಂದನ್ನು ಮತ್ತೆ ನೆಡಬಾರದು.

ಮಾವಲ್ಲದೆ ಬೇರೆ ಗಿಡದ ಕೆಳಗೆ ಮಾಡುವವರಿಗೆ ಲೆಕ್ಕ ಬದಲಾಗುತ್ತದೆ. ಬೇವು ಮಾವಿಗಿಂತ ಹೆಚ್ಚು ಬೆಳಕು ಬಿಡುತ್ತದೆ, ಅದಕ್ಕೆ ಮಾವಿನಂತೆ ನೀರಿನ ಪಥ್ಯವೂ ಇಲ್ಲ. ಸೀತಾಫಲ ಅಂಚು ಬಿಟ್ಟು ಕೊಂಚ ಒಳಗೂ ನಡೆಯುತ್ತದೆ. ಮಳೆಮರದ ಎಲೆ ಸಂಜೆಗೂ ಮೋಡಕ್ಕೂ ಮಡಚಿಕೊಳ್ಳುವುದರಿಂದ ಮಳೆ ನೆಲಕ್ಕೆ ಇಳಿಯುತ್ತದೆ, ಆದರೆ ಮೇಲ್ಮಟ್ಟದ ಬೇರು ದೂರ ದೂರ ಹರಡಿರುತ್ತವೆ. ಹುಣಸೆಯ ಬುಡದಲ್ಲಿ ಹುಲ್ಲೂ ಸರಿಯಾಗಿ ಬರುವುದಿಲ್ಲ, ಅಲ್ಲಿ ಕಷ್ಟಪಡಬೇಡಿ. ನೀಲಗಿರಿಯ ಕೆಳಗೂ ಬೇಡ.

ಅನಾನಸ್ ಮೊದಲ ಹಣ್ಣು ಕೊಯ್ದ ಮೇಲೆ ಬುಡದಲ್ಲಿ ಒಂದೇ ಕಂದು ಉಳಿಸಿ ಬೇರೆಲ್ಲ ಕಿತ್ತರೆ ಎರಡನೇ ಫಸಲು ಒಂದೂಕಾಲು ವರ್ಷದಲ್ಲಿ ಸಿಗುತ್ತದೆ. ಮೂರನೇ ಫಸಲಿಗೆ ಹಣ್ಣು ಕೈಮುಷ್ಟಿಯಷ್ಟಾಗುತ್ತದೆ, ಅಷ್ಟರಲ್ಲಿ ಮಾವಿನ ಕೊಂಬೆಗಳೂ ಮತ್ತೆ ಇಳಿದಿರುತ್ತವೆ. ಆಗ ಹಳೆಯ ಸಾಲು ಕಿತ್ತು, ಕಲ್ಲು ಹಾಳೆ ಹಿಡಿದು ಬಿಸಿಲನ್ನು ಹೊಸದಾಗಿ ಅಳೆದು, ಹೊಸ ಸಾಲನ್ನು ಬೆಳಕು ಇರುವ ಕಡೆಗೆ ಒಂದು ಮೀಟರ್ ಸರಿಸಿ ನೆಡುತ್ತೇವೆ.